ಕರಿಗಾಜಿನ ಮರೆ

ಮನುಷ್ಯನಿಗೆ ಅನ್ನವಸ್ತ್ರಗಳು ಹೇಗೋ ಹಾಗೆಯೇ ಮರೆಯೂ ಒಂದು ಅವಶ್ಯಕತೆ. ಮನೆಗೆ ಗೋಡೆಯಿರುವುದೂ ಬಾಗಿಲಿಗೆ ಅಗಣಿಯಿರುವುದೂ ಕಳ್ಳರ ಭಯದಿಂದ ಮಾತ್ರವಲ್ಲ. ತನ್ನವರೊಡನೆ ನಗುವುದಕ್ಕೆ, ಅಳುವುದಕ್ಕೆ, ಸುಮ್ಮನೆ ಕುಳಿತಿರುವುದಕ್ಕೆ ಪರರ ಕಣ್ಣಿಲ್ಲದ ಒಂದು ಸ್ಥಳವು ಪ್ರತಿಯೊಬ್ಬನಿಗೂ ಬೇಕು. ಆದರೆ ಬೀದಿಯ ಮಾತು ಬೇರೆ. ಬೀದಿಯು ಎಲ್ಲರದು. ಅಲ್ಲಿ ನಡೆಯುವವನು ಇತರರನ್ನು ತಾನು ಕಾಣುವಂತೆಯೇ ಇತರರಿಗೆ ತಾನೂ ಕಾಣಿಸಿಕೊಳ್ಳುತ್ತಾನೆ; ಇದು ಯಾರೂ ಬರೆದಿಡದಿದ್ದರೂ ಎಲ್ಲರೂ ನಡೆಸಿಕೊಂಡು ಬಂದಿರುವ ಬೀದಿಯ ಧರ್ಮ. ಹೀಗಿರಲಾಗಿ, ಒಬ್ಬನು ತನ್ನ ಮನೆಯ ಕೋಣೆಯೊಂದನ್ನೇ ಗಾಲಿಗಳ ಮೇಲೆ ಕೂರಿಸಿ ಬೀದಿಗೆ ತಂದನೆಂದರೆ ಅದರೊಳಗೆ ನಡೆಯತಕ್ಕದ್ದು ಮನೆಯ ಧರ್ಮವೋ, ಬೀದಿಯ ಧರ್ಮವೋ? ಮೋಟಾರು ಕಾರಿನ ಗಾಜಿಗೆ ಕಪ್ಪು ಹಾಳೆಯನ್ನು ಅಂಟಿಸಬಹುದೆ, ಅಂಟಿಸಬಾರದೆ ಎಂಬುದು ಮೇಲುನೋಟಕ್ಕೆ ವೃತ್ತದಲ್ಲಿ ನಿಂತ ಪೊಲೀಸಿನವನಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ತೋರಬಹುದು. ವಿಚಾರಮಾಡಿ ನೋಡಿದರೆ ಅದರೊಳಗೆ ಅಡಗಿರುವುದು ಈ ಹಳೆಯ ಪ್ರಶ್ನೆಯೇ.

ಮೊದಲು ಕಾಯಿದೆಯು ಏನು ಹೇಳುತ್ತದೆಂಬುದನ್ನು ತಿಳಿದುಕೊಳ್ಳೋಣ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ನೂರನೆಯ ನಿಯಮವು ಗಾಜಿನ ವಿಷಯವಾದದ್ದು. ಕಾರಿನ ಮುಂದಿನ ಮತ್ತು ಹಿಂದಿನ ಗಾಜುಗಳು ತಮ್ಮ ಮೇಲೆ ಬಿದ್ದ ಕಾಣುವ ಬೆಳಕಿನಲ್ಲಿ ಶೇಕಡ ೭೦ ಭಾಗವನ್ನಾದರೂ, ಪಕ್ಕದ ಗಾಜುಗಳು ಶೇಕಡ ೫೦ ಭಾಗವನ್ನಾದರೂ ಒಳಕ್ಕೆ ಬಿಡತಕ್ಕದ್ದೆಂದು ಅದು ವಿಧಿಸಿತು. ಈ ನಿಯಮವು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಾಗದದ ಮೇಲೆಯೇ ಮಲಗಿತ್ತು. ೨೦೧೨ನೆಯ ಏಪ್ರಿಲ್ ೨೭ರಂದು, ಒಬ್ಬ ನಾಗರಿಕರು ಸಾರ್ವಜನಿಕ ಹಿತಕ್ಕಾಗಿ ತಂದಿದ್ದ ಅರ್ಜಿಯ ಮೇಲೆ, ಮುಖ್ಯ ನ್ಯಾಯಮೂರ್ತಿ ಎಸ್. ಎಚ್. ಕಪಾಡಿಯಾ, ನ್ಯಾಯಮೂರ್ತಿ ಎ. ಕೆ. ಪಟ್ನಾಯಕ್, ನ್ಯಾಯಮೂರ್ತಿ ಸ್ವತಂತರ್ ಕುಮಾರ್ ಇವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠವು ಅದನ್ನು ಎಚ್ಚರಿಸಿತು. ಗಾಜು ಕಾರ್ಖಾನೆಯಿಂದ ಬರುವಾಗಲೇ ಆ ಪ್ರಮಾಣಕ್ಕೆ ಒಳಪಟ್ಟು ಬಣ್ಣವಾಗಿದ್ದರೆ ಚಿಂತೆಯಿಲ್ಲ. ಆದರೆ ಅದರ ಮೇಲೆ ಎಷ್ಟೇ ತೆಳುವಾದ ಹಾಳೆಯನ್ನಾಗಲಿ ತಂದು ಅಂಟಿಸಕೂಡದು. ಮೇ ೪ರಿಂದ ಅಂಥ ಹಾಳೆಗಳನ್ನು ಪೊಲೀಸರು ದಂಡ ವಿಧಿಸುವುದಲ್ಲದೆ ಕಿತ್ತುಹಾಕತಕ್ಕದ್ದು ಎಂದು ತೀರ್ಪಾಯಿತು. ಆ ಬೇಸಗೆಯಲ್ಲಿ ಊರೂರಿನ ವೃತ್ತಗಳಲ್ಲಿ ಹಾಳೆ ಸುಲಿಯುವ ಸದ್ದನ್ನು ಕೇಳಿದವರು ನಮ್ಮಲ್ಲಿ ಅನೇಕರಿದ್ದಾರೆ.

ಹಾಳೆಯೊಂದು ಅಂಟಿದರೆ ಏನಾಗುತ್ತದೆಂಬುದನ್ನು ಶಾಲೆಯ ಬಾಲಕನೂ ಗುಣಾಕಾರದಿಂದ ತಿಳಿಯಬಹುದು. ಶೇಕಡ ೭೦ ಭಾಗ ಬೆಳಕನ್ನು ಬಿಡುವ ಗಾಜಿಗೆ ಅರ್ಧ ಬೆಳಕನ್ನು ಮಾತ್ರ ಬಿಡುವ ಹಾಳೆಯನ್ನು ಹಚ್ಚಿದರೆ ಒಳಕ್ಕೆ ಬರುವುದು ಶೇಕಡ ೩೫ ಭಾಗ. ಗಾಜು ಮೊದಲೇ ಅರ್ಧವನ್ನು ತಡೆಯತಕ್ಕದ್ದಾದರೆ ಉಳಿಯುವುದು ಕಾಲುಭಾಗ. ಅಂಗಡಿಯವನು "ಅರ್ಧ ಕಪ್ಪು ಮಾತ್ರ" ಎಂದು ಹೇಳಿ ಮಾರಿದ್ದು ಗಾಡಿಯ ಮೇಲೆ ಮುಕ್ಕಾಲು ಕಪ್ಪಾಗಿ ಕುಳಿತಿರುತ್ತದೆ. ಹಗಲಿನಲ್ಲಿ ಒಳಗಿನವನಿಗೆ ಇದು ತಿಳಿಯದು, ಹೊರಗೆ ಬೆಳಕು ಹೇರಳವಾಗಿರುವುದರಿಂದ. ಕತ್ತಲೆಯಾಗಿ ಮಳೆ ಹನಿಯಲು ಮೊದಲಾದಾಗ ರಸ್ತೆಯ ಅಂಚಿನಲ್ಲಿ ಬಣ್ಣಗೆಟ್ಟ ಬಟ್ಟೆಯುಟ್ಟು ಬರುವ ಪಾದಚಾರಿಯು ಆ ಮುಕ್ಕಾಲಿನೊಳಗೆ ಲೀನವಾಗಿಬಿಡುತ್ತಾನೆ.

ಈ ವಿಷಯದಲ್ಲಿ ಲೇಖಕನು ನಿರ್ದೋಷಿಯೆಂದು ವಾಚಕರು ಭಾವಿಸಬಾರದು. ನಮ್ಮದು ಬಳ್ಳಾರಿಯ ಸೀಮೆ. ಇಲ್ಲಿಯ ಬಿಸಿಲಿನ ವರ್ಣನೆಯನ್ನು ಇಲ್ಲಿಯವರಿಗೆ ಹೇಳುವುದು ಅನಾವಶ್ಯಕ, ಬೇರೆಯವರಿಗೆ ಹೇಳಿದರೆ ನಂಬುವುದಿಲ್ಲ. ಕಾರನ್ನು ಕೊಂಡ ವರ್ಷವೇ ನಾನೂ ಹಾಳೆ ಹಚ್ಚಿಸಿದೆನು. ಮುಂದಿನ ಗಾಜನ್ನೂ ಬಿಡಲಿಲ್ಲ. ಒಂದು ಸಂಜೆ ಪೇಟೆಯ ಬೀದಿಯಲ್ಲಿ ಸೊಪ್ಪಿನ ಪುಟ್ಟಿಯನ್ನು ಹೊತ್ತ ಮುದುಕಿಯೊಬ್ಬಳು ರಸ್ತೆಯನ್ನು ದಾಟಲು ನಿಂತಿದ್ದಳು. ನಾನು ಗಾಡಿಯನ್ನು ನಿಲ್ಲಿಸಿ, ಹೋಗಬಹುದೆಂದು ಕೈಸನ್ನೆ ಮಾಡಿದೆನು. ಅವಳು ಹೋಗಲಿಲ್ಲ. ಮತ್ತೆ ಸನ್ನೆ ಮಾಡಿದೆನು. ಅವಳು ಗಾಜನ್ನೇ ದಿಟ್ಟಿಸುತ್ತ ನಿಂತಳು. ಅವಳಿಗೆ ಹೋಗುವ ಮನಸ್ಸಿಲ್ಲವೆಂದು ತಿಳಿದು ನಾನು ಗಾಡಿಯನ್ನು ಮುಂದಕ್ಕೆ ಬಿಟ್ಟೆನು. ಈ ಗಾಡಿಗೆ ಹೋಗುವ ಮನಸ್ಸಿಲ್ಲವೆಂದು ತಿಳಿದು ಆ ಕ್ಷಣದಲ್ಲಿಯೇ ಅವಳು ಹೆಜ್ಜೆಯಿಟ್ಟಳು. ದೇವರ ದಯೆಯಿಂದ ಪುಟ್ಟಿಯು ಮಾತ್ರ ಉರುಳಿತು. ಅವಳು ನನ್ನನ್ನು ಬಯ್ಯಲಿಲ್ಲ. ಚೆಲ್ಲಿದ ಸೊಪ್ಪನ್ನು ಆಯುತ್ತ, ಪಕ್ಕದಲ್ಲಿದ್ದ ಹುಡುಗನನ್ನು, "ಒಳಗ ಯಾರಾರ ಅದಾರೇನಪ್ಪಾ?" ಎಂದು ಕೇಳಿದಳು.

ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ನಾನು ಮಾಡಿದ ಸನ್ನೆಯು ನನಗೊಬ್ಬನಿಗೇ ಕಾಣುತ್ತಿತ್ತು. ನನ್ನ ಸೌಜನ್ಯವು ಗಾಜಿನ ಒಳಗಡೆಯೇ ಮುಗಿದುಹೋಗಿತ್ತು. ಬೀದಿಯಲ್ಲಿ ಪರಸ್ಪರರ ಪ್ರಾಣವನ್ನು ಕಾಪಾಡತಕ್ಕದ್ದು ದೀಪದ ಕಂಬವೂ ಬಿಳಿಯ ಗೆರೆಗಳೂ ಮಾತ್ರವಲ್ಲ. ಒಬ್ಬನು ಇನ್ನೊಬ್ಬನ ಮುಖವನ್ನು ನೋಡಿ "ಇವನು ನನ್ನನ್ನು ಕಂಡಿದ್ದಾನೆ" ಎಂದು ಅರಿಯುವ ಅರಿವೇ ಅವೆಲ್ಲಕ್ಕಿಂತ ಹಿರಿಯ ಕಾವಲು. ಕರಿಗಾಜು ಮೊದಲು ಕಸಿದುಕೊಳ್ಳುವುದು ಅದನ್ನು. ಆ ವಾರವೇ ಮುಂದಿನ ಹಾಳೆಯನ್ನು ತೆಗೆಸಿದೆನು. ಪಕ್ಕದ ಹಾಳೆಗಳನ್ನು ತೆಗೆಸುವಷ್ಟು ವಿವೇಕವು ಮಾತ್ರ ಸರ್ವೋಚ್ಚ ನ್ಯಾಯಾಲಯವು ಹೇಳುವ ತನಕ ಬರಲಿಲ್ಲವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಈಗ ಪೂರ್ವಪಕ್ಷವನ್ನು ನೋಡೋಣ. ಮೊದಲನೆಯ ವಾದವು ಬಿಸಿಲಿನದು. ಇದು ಪೊಳ್ಳು ವಾದವಲ್ಲ. ಮಧ್ಯಾಹ್ನದಲ್ಲಿ ನಿಲ್ಲಿಸಿದ ಕಾರಿನ ಬಾಗಿಲನ್ನು ತೆಗೆದವರು ಬಲ್ಲರು. ಚರ್ಮವ್ಯಾಧಿಯಿಂದ ಬಿಸಿಲನ್ನು ಸಹಿಸಲಾರದವರೂ ಇದ್ದಾರೆ. ಅವರ ಮಾತು ಕೇಳತಕ್ಕದ್ದೇ. ಆದರೆ ಸೂರ್ಯನಿಂದ ನಮಗೆ ಬರುವ ಶಕ್ತಿಯಲ್ಲಿ ಸುಮಾರು ಅರ್ಧ ಭಾಗವು ಕಣ್ಣಿಗೆ ಕಾಣದ ಕೆಂಪಿನಾಚೆಯ ಕಿರಣಗಳದ್ದು. ಚರ್ಮವನ್ನು ಕೆಡಿಸುವ ನೇರಳೆಯಾಚೆಯ ಕಿರಣಗಳೂ ಕಣ್ಣಿಗೆ ಕಾಣತಕ್ಕವಲ್ಲ. ಕಾಣುವ ಬೆಳಕನ್ನು ಒಳಕ್ಕೆ ಬಿಟ್ಟು ಕಾಣದ ಕಿರಣಗಳನ್ನು ಬಹುಮಟ್ಟಿಗೆ ತಡೆಯುವ ಗಾಜನ್ನು ಇಂದಿನ ವಿಜ್ಞಾನವು ಮಾಡಿಕೊಟ್ಟಿದೆ. ಆದುದರಿಂದ ತಂಪು ಬೇಕೆನ್ನುವುದು ಒಂದು ಮಾತು, ಕಪ್ಪು ಬೇಕೆನ್ನುವುದು ಬೇರೊಂದು ಮಾತು. ನಮ್ಮಲ್ಲಿ ಹಲವರು ಮೊದಲನೆಯದರ ಹೆಸರಿನಲ್ಲಿ ಎರಡನೆಯದನ್ನು ಕೊಳ್ಳುತ್ತಿದ್ದೆವೆಂದರೆ ತಪ್ಪಾಗದು.

೨೦೨೪ರಲ್ಲಿ ಕೇರಳದ ಉಚ್ಚ ನ್ಯಾಯಾಲಯವು ಈ ವಿಷಯದಲ್ಲಿ ಬೇರೊಂದು ಮಾತನ್ನು ಹೇಳಿತು. ೨೦೨೧ರ ಏಪ್ರಿಲಿನಿಂದ ನೂರನೆಯ ನಿಯಮವು ತಿದ್ದುಪಡಿಯಾಗಿ, ಗಾಜಿನೊಡನೆ ಹಾಳೆ ಸೇರಿದ ಸುರಕ್ಷಿತ ಹೊದಿಕೆಗೂ ಅವಕಾಶವಾಗಿರುವುದರಿಂದ, ಬೆಳಕಿನ ಪ್ರಮಾಣವು ೭೦ಕ್ಕೂ ೫೦ಕ್ಕೂ ಕಡಮೆಯಾಗದಿದ್ದರೆ ಹಾಳೆಯಿದ್ದ ಮಾತ್ರಕ್ಕೆ ದಂಡಿಸಲಾಗದೆಂದು ಅದರ ಅಭಿಪ್ರಾಯ. ನ್ಯಾಯವಾದಿಗಳು ಇದನ್ನು ಕುರಿತು ವಾದಿಸಲಿ. ನಮ್ಮ ವಿಚಾರಕ್ಕೆ ಬೇಕಾದದ್ದು ಇಷ್ಟೇ: ಆ ತೀರ್ಪಿನಲ್ಲಿಯೂ ಸಡಿಲವಾದದ್ದು ಹಾಳೆಯ ಮೇಲಣ ನಿಷೇಧವೇ ಹೊರತು ಬೆಳಕಿನ ಅಳತೆಯಲ್ಲ. ಒಳಗಿರುವವನು ಹೊರಗಿನವರಿಗೆ ಕಾಣತಕ್ಕದ್ದೆಂಬ ಮೂಲವು ಅಲ್ಲಿಯೂ ಅಚಲವಾಗಿಯೇ ನಿಂತಿದೆ.

ಎರಡನೆಯ ವಾದವು ಇದಕ್ಕಿಂತ ಗಹನವಾದದ್ದು. ಕಪ್ಪು ಹಾಳೆಯು ಕಿತ್ತುಹೋದ ೨೦೧೨ನೆಯ ವರ್ಷದಲ್ಲಿಯೇ, ಕರ್ಣಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದರು. ಅದರಿಂದ ಹುಟ್ಟಿದ ವಿಚಾರಣೆಯಲ್ಲಿ, ೨೦೧೭ನೆಯ ಆಗಸ್ಟ್ ೨೪ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಹಾಗಾದರೆ, ನನ್ನ ಹಣದಿಂದ ಕೊಂಡ ಕಾರಿನೊಳಗೆ ನಾನು ಕಾಣದೆ ಕುಳಿತಿರುವುದು ಆ ಹಕ್ಕಿನೊಳಗೆ ಸೇರದೆ? ಇದಕ್ಕೆ ಒಂದು ಉತ್ತರವು ೨೦೧೯ರಲ್ಲಿ ದೊರೆಯಿತು. ಬಿಹಾರದ ಪಾನನಿಷೇಧಕ್ಕೆ ಸಂಬಂಧಿಸಿದ ವ್ಯಾಜ್ಯದಲ್ಲಿ ಅದೇ ನ್ಯಾಯಾಲಯವು, ಸಾರ್ವಜನಿಕ ರಸ್ತೆಯಲ್ಲಿರುವ ಖಾಸಗಿ ವಾಹನವು ಆ ಕಾಯಿದೆಯ ಮಟ್ಟಿಗೆ ಸಾರ್ವಜನಿಕ ಸ್ಥಳದೊಳಗೇ ಸೇರುವುದೆಂದಿತು. ಆದರೆ ಕಾಯಿದೆಯ ಉತ್ತರದಿಂದ ಮನಸ್ಸಿನ ಪ್ರಶ್ನೆಯು ತೀರುವುದಿಲ್ಲ. ಮರೆಯಲ್ಲಿ ದೋಷವಾದರೂ ಏನಿದೆ?

ಪ್ರಾಚೀನ ಯವನ ತತ್ತ್ವಜ್ಞನಾದ ಪ್ಲೇಟೋವು ತನ್ನ 'ರಿಪಬ್ಲಿಕ್' ಎಂಬ ಗ್ರಂಥದ ಎರಡನೆಯ ಭಾಗದಲ್ಲಿ ಒಂದು ಉಂಗುರದ ಕಥೆಯನ್ನು ತಂದಿದ್ದಾನೆ. ಕುರುಬನೊಬ್ಬನಿಗೆ ದೊರೆತ ಆ ಉಂಗುರವನ್ನು ಒಳಕ್ಕೆ ತಿರುಗಿಸಿದರೆ ಅವನು ಯಾರಿಗೂ ಕಾಣನು; ಅವನಿಗೆ ಮಾತ್ರ ಎಲ್ಲರೂ ಕಾಣುವರು. ಅವನು ಆ ಬಲದಿಂದ ಅರಸನನ್ನು ಕೊಂದು ರಾಜ್ಯವನ್ನಪಹರಿಸಿದನು. ಕಾಣದಿರುವ ಬಲವಿದ್ದೂ ಧರ್ಮದಲ್ಲಿ ನಿಲ್ಲುವವರುಂಟೆ ಎಂಬುದು ಅಲ್ಲಿಯ ಪ್ರಶ್ನೆ. ನಮ್ಮ ಮಹಾಭಾರತದ ಆದಿಪರ್ವದಲ್ಲಿ ಶಕುಂತಲೆಯು ದುಷ್ಯಂತನ ತುಂಬಿದ ಸಭೆಯಲ್ಲಿ ನಿಂತು ಹೇಳುವುದೂ ಇದರ ಉತ್ತರವನ್ನೇ: ತನ್ನನ್ನು ಯಾರೂ ಕಂಡಿಲ್ಲವೆಂದು ಪಾಪಿಯು ಎಣಿಸುತ್ತಾನೆ, ಸೂರ್ಯಚಂದ್ರರೂ ಗಾಳಿಯೂ ಬೆಂಕಿಯೂ ಅವನ ಎದೆಯೂ ಕಂಡಿರುತ್ತವೆ ಎಂಬುದು ಅವಳ ಮಾತಿನ ಸಾರ. ಒಳಗಣ ಸಾಕ್ಷಿಯು ಎಲ್ಲರಲ್ಲಿಯೂ ಎಚ್ಚರವಾಗಿದ್ದರೆ ಕಾಯಿದೆಯು ಬೇಕಾಗುತ್ತಿರಲಿಲ್ಲ. ಅದು ಕೆಲವರಲ್ಲಿ ನಿದ್ರಿಸುವುದರಿಂದಲೇ ಹೊರಗಣ ಸಾಕ್ಷಿಯೂ ಬೇಕಾಗಿದೆ.

ಎಚ್ಚರವಿಲ್ಲದ ಕಡೆ ಏನಾಗುತ್ತದೆಂಬುದನ್ನು ದೇಶವು ಅದೇ ೨೦೧೨ರಲ್ಲಿ ಕಂಡಿತು. ತೀರ್ಪು ಏಪ್ರಿಲಿನದು. ಡಿಸೆಂಬರ್ ೧೬ರ ರಾತ್ರಿ ದೆಹಲಿಯ ರಸ್ತೆಗಳಲ್ಲಿ ಒಂದು ಬಸ್ಸು ಕಪ್ಪು ಗಾಜುಗಳನ್ನೂ ಪರದೆಗಳನ್ನೂ ಹೊತ್ತು ತಿರುಗುತ್ತಿತ್ತು. ಅದರೊಳಗೆ ಆ ತರುಣಿಗೆ ಒದಗಿದ ಗತಿಯನ್ನು ಇಲ್ಲಿ ಬರೆಯುವುದು ಬೇಡ; ಅದನ್ನು ಮರೆತವರು ಯಾರೂ ಇಲ್ಲ. ಹೊರಗೆ ಜನರು ತಿರುಗುತ್ತಿದ್ದರು, ದೀಪಗಳು ಉರಿಯುತ್ತಿದ್ದವು. ಪಾಪಕ್ಕೆ ಕಾರಣವು ಗಾಜಲ್ಲ, ಮನುಷ್ಯರು. ಆದರೆ ಗಾಜು ಆ ಮನುಷ್ಯರಿಗೆ ಸಹಾಯಮಾಡಿತು. ನಿಯಮವು ಇದ್ದೂ ಇಲ್ಲದಂತಾದರೆ ಅದರ ಬೆಲೆಯನ್ನು ತೆರತಕ್ಕವರು ಅದನ್ನು ಮೀರಿದವರಾಗಿರುವುದಿಲ್ಲ.

ಇಷ್ಟಾದರೂ ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ಅದನ್ನು ನಾಟಿದವಳು ನನ್ನ ತಂಗಿಯ ಮಗಳು. ಒಂದು ಚೈತ್ರದಲ್ಲಿ ಅವಳು ಮೂರು ತಿಂಗಳ ಕೂಸನ್ನು ಕಟ್ಟಿಕೊಂಡು ತವರಿಗೆ ಬಂದಿದ್ದಳು. ಹೊಸಪೇಟೆಯ ಹಾದಿಯಲ್ಲಿ ಕೂಸು ಹಸಿದು ಅಳತೊಡಗಿತು. ಗಾಡಿಯನ್ನು ಒಂದು ಬೇವಿನ ಮರದಡಿಯಲ್ಲಿ ನಿಲ್ಲಿಸಿ, ನಾನೂ ಅವಳ ಗಂಡನೂ ಇಳಿದು ನಿಂತೆವು. ಗಾಜು ತಿಳಿಯಾಗಿತ್ತು. ಹೋಗುವ ಬರುವ ಲಾರಿಗಳ ಕಣ್ಣುಗಳೆಲ್ಲ ಒಂದು ಸಲ ಒಳಕ್ಕೆ ಹಾಯುತ್ತಿದ್ದವು. ಅವಳು ಸೆರಗನ್ನು ಎಳೆದುಕೊಂಡು ಗೋಡೆಯಿಲ್ಲದ ಕಡೆಯಲ್ಲಿ ಗೋಡೆಯನ್ನು ಹುಡುಕುವವಳಂತೆ ಬಾಗಿ ಕುಳಿತಳು. ಮನೆಗೆ ಬಂದ ಮೇಲೆ, "ಮಾಮ, ಹಾಳೆ ಕೀಳಿಸಿದ್ದು ಧರ್ಮ ಅಂತ ನೀವು ಹೇಳುತ್ತೀರಿ. ಆ ಧರ್ಮದ ಖರ್ಚನ್ನು ಇವತ್ತು ಕೊಟ್ಟವಳು ನಾನು" ಎಂದಳು. ಉತ್ತರವು ನನ್ನಲ್ಲಿರಲಿಲ್ಲ.

ಮರುವರ್ಷ ಅವಳು ಬೆಂಗಳೂರಿನಲ್ಲಿ ಮತ್ತೆ ಕೆಲಸಕ್ಕೆ ಸೇರಿದಳು. ರಾತ್ರಿ ಹನ್ನೊಂದರ ಮೇಲೆ ಬಾಡಿಗೆಯ ಕಾರಿನಲ್ಲಿ ಮನೆಗೆ ಬರತಕ್ಕ ಕೆಲಸ. ಮಾತಿನ ನಡುವೆ ಒಮ್ಮೆ, "ಗಾಡಿ ಬಂದಾಗ ಮೊದಲು ನೋಡುವುದು ಗಾಜನ್ನು, ಮಾಮ. ಒಳಗೆ ಕಾಣದಿದ್ದರೆ ಹತ್ತುವುದಿಲ್ಲ" ಎಂದಳು. ನಾನು ನಕ್ಕು, "ಆಗ ಕಪ್ಪು ಬೇಕೆಂದವಳೂ ನೀನೇ, ಈಗ ಬೇಡವೆನ್ನುವವಳೂ ನೀನೇ, ಇವೆರಡರಲ್ಲಿ ನಿನ್ನ ಸಿದ್ಧಾಂತ ಯಾವುದು?" ಎಂದು ಕೇಳಿದೆನು. ಅವಳು ನಗಲಿಲ್ಲ. "ಅದರಲ್ಲಿ ವಿರೋಧವೇನಿದೆ? ನಮ್ಮ ಕಾರಿನ ಬಾಗಿಲು ನನ್ನ ಕೈಯಲ್ಲಿದೆ. ಆ ಕಾರಿನ ಬಾಗಿಲು ಇನ್ನೊಬ್ಬನ ಕೈಯಲ್ಲಿದೆ" ಎಂದಳು.

ಪುಸ್ತಕಗಳಲ್ಲಿ ನನಗೆ ಸಿಕ್ಕದ ವಿವೇಚನೆಯು ಆ ಎರಡು ಮಾತುಗಳಲ್ಲಿ ಸಿಕ್ಕಿತು. ಮರೆಯು ಎರಡು ಬಗೆ. ನಾನೇ ಎಳೆದುಕೊಂಡ, ನಾನೇ ಸರಿಸಬಲ್ಲ ಪರದೆಯು ಒಂದು. ಅದು ನನ್ನ ಸ್ವಾತಂತ್ರ್ಯದ ಅಂಗ. ಇನ್ನೊಬ್ಬನು ನನ್ನನ್ನು ಒಳಗಿಟ್ಟು ಎಳೆದ ಪರದೆಯು ಮತ್ತೊಂದು, ಅದು ಸೆರೆಮನೆ. ಬಟ್ಟೆಯು ಒಂದೇ, ಬಣ್ಣವೂ ಒಂದೇ. ಹಗ್ಗವು ಯಾರ ಕೈಯಲ್ಲಿದೆಯೆಂಬುದರಿಂದ ಒಂದು ಮಾನವಾಗುತ್ತದೆ, ಇನ್ನೊಂದು ಅಪಾಯವಾಗುತ್ತದೆ. ಆದರೆ ಕಷ್ಟವಿರುವುದು ಇಲ್ಲಿಯೇ. ಹೊರಗೆ ನಿಂತ ಪೊಲೀಸಿನವನಿಗಾಗಲಿ ದಾರಿಹೋಕನಿಗಾಗಲಿ ಆ ಹಗ್ಗವು ಕಾಣುವುದಿಲ್ಲ. ಕೂಸಿಗೆ ಹಾಲೂಡಿಸುವ ತಾಯಿಯ ಕರಿಗಾಜೂ ಕೂಸನ್ನು ಕದ್ದೊಯ್ಯುವ ಕಳ್ಳನ ಕರಿಗಾಜೂ ಹೊರಗಿನಿಂದ ಒಂದೇ ಸಮನಾಗಿ ಹೊಳೆಯುತ್ತವೆ. ಯಾವುದು ಯಾವುದೆಂದು ತಿಳಿಯಬೇಕಾದರೆ ಪ್ರತಿಯೊಂದು ಗಾಡಿಯನ್ನೂ ನಿಲ್ಲಿಸಿ, ಬಾಗಿಲನ್ನು ತೆಗೆಸಿ, ಒಳಗಿನವರನ್ನು ವಿಚಾರಿಸಬೇಕು. ಅದು ಗಾಜನ್ನು ತಿಳಿಯಾಗಿಡುವುದಕ್ಕಿಂತ ನೂರುಪಾಲು ಹೆಚ್ಚಾದ ಮಾನಹಾನಿ. ಆದುದರಿಂದ ನಿಯಮವು ಎಲ್ಲರಿಗೂ ಒಂದೇ ಆಗಿರಬೇಕೆಂಬುದು ನನ್ನ ನಿರ್ಣಯ. ಮರೆಯು ಕೆಟ್ಟದ್ದೆಂಬುದು ಇದಕ್ಕೆ ಕಾರಣವಲ್ಲ. ಒಳ್ಳೆಯ ಮರೆಯನ್ನು ಕೆಟ್ಟ ಮರೆಯಿಂದ ಹೊರಗಿನವನು ಬೇರ್ಪಡಿಸಲಾರನೆಂಬುದೇ ಕಾರಣ.

ಎಲ್ಲರಿಗೂ ಎಂದೆನಷ್ಟೆ. ೨೦೧೨ರ ತೀರ್ಪಿನಲ್ಲಿ ಅತ್ಯಂತ ಹೆಚ್ಚಿನ ರಕ್ಷಣೆಯ ದರ್ಜೆಯಲ್ಲಿರುವ ಗಣ್ಯರಿಗೆ ಒಂದು ಬಿನಾಯಿತಿಗೆ ಅವಕಾಶವುಂಟು. ಅದನ್ನು ಕೊಡುವುದಕ್ಕೆ ಗೃಹ ಕಾರ್ಯದರ್ಶಿಯೂ ಪೊಲೀಸ್ ಮುಖ್ಯರೂ ಸೇರಿದ ಸಮಿತಿಯು ವಿಚಾರಮಾಡಬೇಕು. ಅದು ಅವರ ಅಧಿಕೃತ ಗಾಡಿಗೆ ಮಾತ್ರ ಸಲ್ಲತಕ್ಕದ್ದು. ಪ್ರಾಣಕ್ಕೆ ನಿಜವಾಗಿಯೂ ಭಯವಿರುವವರಿಗೆ ಮರೆಯನ್ನು ಕೊಡುವುದು ನ್ಯಾಯವೇ. ಆದರೆ ಬಿನಾಯಿತಿಯು ಪ್ರತಿಷ್ಠೆಯ ಚಿಹ್ನೆಯಾಗಿಬಿಟ್ಟರೆ, ಅದಿಲ್ಲದ ಸಣ್ಣ ಅಧಿಕಾರಿಯೂ ಶ್ರೀಮಂತನ ಮಗನೂ ಅದನ್ನೇ ಅನುಕರಿಸುತ್ತಾರೆ. ನಮ್ಮಲ್ಲಿ ಕರಿಗಾಜಿನ ಮೋಹಕ್ಕೆ ಬಿಸಿಲಿಗಿಂತ ಇದು ಹೆಚ್ಚಿನ ಕಾರಣವೆಂದು ನನಗೆ ತೋರುತ್ತದೆ. ತಾನು ಕಾಣದೆ ಪರರನ್ನು ಕಾಣುವುದು ಬಹು ಹಿಂದಿನಿಂದಲೂ ಅರಮನೆಯ ಲಕ್ಷಣ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅರಸನಿಗೆ ಗೂಢಪುರುಷರಿದ್ದರು, ಅಂತಃಪುರಗಳಿಗೆ ಜಾಲಂಧ್ರಗಳಿದ್ದವು. ಪ್ರಜೆಗಳೇ ಅರಸರಾದ ನಾಡಿನಲ್ಲಿ ಅರಸುತನವನ್ನು ಗಾಜಿಗೆ ಬಳಿದುಕೊಂಡು ತಿರುಗುವುದು ಸಲ್ಲದು.

ಇನ್ನು ಆ ತಾಯಿಯ ಖರ್ಚನ್ನು ಯಾರು ತೀರಿಸಬೇಕು? ಈ ಪ್ರಶ್ನೆಯನ್ನು ಬಿಟ್ಟು ಮುಗಿಸಿದರೆ ನನ್ನ ವಿಚಾರವು ಅರ್ಧವಾದೀತು. ವಾಲ್ಮೀಕಿಯ ಯುದ್ಧಕಾಂಡದಲ್ಲಿ ಒಂದು ಸಂದರ್ಭವಿದೆ. ರಾವಣವಧೆಯ ತರುವಾಯ ವಿಭೀಷಣನು ಸೀತೆಯನ್ನು ಮುಚ್ಚಿದ ಪಲ್ಲಕ್ಕಿಯಲ್ಲಿ ಕರೆತರುತ್ತಾನೆ. ಬೆತ್ತ ಹಿಡಿದ ಕಾವಲಿನವರು ನೋಡಲು ನೆರೆದ ಜನವನ್ನು ಅಟ್ಟುತ್ತಾರೆ. ರಾಮನು ಅದನ್ನು ತಡೆದು, ಇವರೆಲ್ಲ ನನ್ನವರೇ. ಹೆಣ್ಣಿಗೆ ಮನೆಯಾಗಲಿ ಬಟ್ಟೆಯಾಗಲಿ ಗೋಡೆಯಾಗಲಿ ಮರೆಯಲ್ಲ, ನಡತೆಯೇ ಮರೆ ಎಂಬ ಅರ್ಥದ ಮಾತನ್ನಾಡಿ, ಅವಳು ಕಾಲುನಡಿಗೆಯಿಂದಲೇ ಬರಲೆನ್ನುತ್ತಾನೆ. ಮಾತು ದೊಡ್ಡದು. ಆದರೆ ಅದರ ಭಾರವೆಲ್ಲ ನಡೆದು ಬರುವವಳ ಮೇಲೆಯೇ ಬಿದ್ದಿತು. ಮುಂದೆ ಅವಳು ಹೋಗಬೇಕಾದದ್ದು ಅಗ್ನಿಗೆ ಎಂಬುದನ್ನು ನಾವೆಲ್ಲರೂ ಬಲ್ಲೆವು. ನಡತೆಯೇ ಮರೆಯೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ನಡತೆಯು ನೋಡುವವರದಾಗಿರಬೇಕು.

ಕಾಯಿದೆಯು ಗಾಜಿನಿಂದ ಕಪ್ಪನ್ನು ತೆಗೆದಾಗ ಹೊರಗಿನವರಾದ ನಮಗೆ ಒಂದು ಅಧಿಕಾರವನ್ನು ಕೊಟ್ಟಿತು, ಒಳಗೆ ನೋಡುವ ಅಧಿಕಾರವನ್ನು. ಅಧಿಕಾರವೆಲ್ಲಿಯೋ ಋಣವೂ ಅಲ್ಲಿಯೇ. ಆಪತ್ತು ಕಂಡರೆ ನೋಡಿಯೂ ನೋಡದವರಂತೆ ಹೋಗದಿರುವುದು ಆ ಋಣದ ಒಂದು ಮುಖ. ಆಪತ್ತಿಲ್ಲದ ಕಡೆ ಕಣ್ಣನ್ನು ಹಿಂದೆಗೆಯುವುದು ಇನ್ನೊಂದು ಮುಖ. ಇವೆರಡನ್ನೂ ಯಾವ ನ್ಯಾಯಾಲಯವೂ ಶೇಕಡಾವಾರು ಅಳೆದು ವಿಧಿಸಲಾರದು. ಹೆದ್ದಾರಿಗಳ ಬದಿಯಲ್ಲಿ ತಾಯಂದಿರಿಗೆ ಶುಚಿಯಾದ ಒಂದು ಕೋಣೆಯನ್ನು ಕಟ್ಟಿಕೊಡುವುದು ಸರ್ಕಾರದ ಪಾಲಿನದು. ಮಿಕ್ಕದ್ದು ಮನೆಮನೆಯಲ್ಲಿ ಮಕ್ಕಳಿಗೆ ಕಲಿಸತಕ್ಕ ಪಾಠ.

ಈಚೆಗೆ ಅದೇ ಹೊಸಪೇಟೆಯ ಹಾದಿಯಲ್ಲಿ ಹೋಗುತ್ತಿದ್ದಾಗ ಬೇವಿನ ಮರದ ನೆರಳಿನಲ್ಲಿ ಒಂದು ಕಾರು ನಿಂತಿತ್ತು. ಹೊರಗೆ ಒಬ್ಬ ಗಂಡಸು ಬೆನ್ನುಮಾಡಿ ನಿಂತಿದ್ದನು. ಪಕ್ಕದಲ್ಲಿ ಕುಳಿತಿದ್ದ ನನ್ನ ಮೊಮ್ಮಗನು ಕತ್ತನ್ನು ಆ ಕಡೆಗೆ ಚಾಚಿದನು. ನಾನು ಅವನ ಗಲ್ಲವನ್ನು ಹಿಡಿದು ಮೆಲ್ಲನೆ ಈಚೆಗೆ ತಿರುಗಿಸಿ, ದೂರದ ಗುಡ್ಡವನ್ನು ತೋರಿಸಿದೆನು. ಯಾಕೆಂದು ಅವನು ಕೇಳಿದನು. ಊರು ಸೇರುವ ತನಕ ಅದನ್ನೇ ಹೇಳುತ್ತ ಹೋದೆನು.